ಮಾವನವರಿಗೆ ಚುಕ್ಕೆಯ ಸ್ವಾಗತ

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಮಾವನವರು ಬರುತ್ತಾರೆ, ಇನ್ನು ಇಲ್ಲೇ ಇರುತ್ತಾರೆ ಎಂದು ಲಿಫ್ಟ್ ರಿಪೇರಿ ಮಾಡುವ ಗಂಡನಿಗೆ ಹೆಂಡತಿ ಹೇಳಿದ್ದು ಸೋಮವಾರ. ಲಿಫ್ಟ್ ರಿಪೇರಿಯವರಿಗೆ ಮಾವನವರ ಮೇಲೆ ತಕರಾರೇನೂ ಇರಲಿಲ್ಲ. ತಕರಾರಿದ್ದದ್ದು ಅವರು ಮಲಗುವ ಜಾಗದ ಬಗ್ಗೆ. ಮನೆಯಲ್ಲಿ ಹೆಚ್ಚಿಗೆ ಇದ್ದ ಒಂದೇ ಕೋಣೆಯಲ್ಲಿ ಎರಡು ವರ್ಷದಿಂದ ಒಂದು ಹಳೆಯ ಕಂಪ್ಯೂಟರ್ ಬಿಜಯಂಗೈದು ಕೂತಿತ್ತು.

ಲೋಕದಲ್ಲಿ ಎಲ್ಲರೂ ಯಾರೋ ಬರೆದಿಟ್ಟ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡು ಸುಖವಾಗಿರುತ್ತಾರೆ. ಇವರು ಮಾತ್ರ ಅದನ್ನು ಮೊದಲ ಸಾಲಿನಿಂದ ತಾವೇ ಬರೆಯಲು ಹೊರಟಿದ್ದರು. (ಏಕೆಂದು ಕೇಳಬೇಡಿ. ಹೆಂಡತಿ ಕೇಳಿ ಕೇಳಿ ಸುಸ್ತಾಗಿದ್ದಾಳೆ.) ತಪಸ್ಸಿನ ಫಲವೆಂದರೆ ಒಂದು ಕಪ್ಪು ಪರದೆ, ಮೂಲೆಯಲ್ಲಿ ಕಣ್ಣು ಮಿಟುಕಿಸುವ ಗೆರೆ, ಯಂತ್ರದ ಹೊಟ್ಟೆಯಲ್ಲಿ ಮೊದಲೇ ಇದ್ದ ನಾಲ್ಕು ಇಂಗ್ಲಿಷ್ ಅಕ್ಷರ.

"ಅಪ್ಪನೇ ನೋಡಿ ತೀರ್ಮಾನ ಮಾಡ್ಲಿ," ಎಂದಳು ಹೆಂಡತಿ. "ಭಾನುವಾರ ಅವ್ರು ಓದೋ ಹಾಗೆ ಅದ್ರಲ್ಲಿ ಏನಾದ್ರೂ ಕನ್ನಡ ಕಂಡ್ರೆ ಕೋಣೆ ನಿಮ್ಮದು, ಅಪ್ಪ ಹಜಾರದಲ್ಲಿ ಮಲಗ್ತಾರೆ. ಕಾಣದಿದ್ರೆ ಅದು ಅಟ್ಟಕ್ಕೆ."

"ಒಂದು ವಾರ ಎಲ್ಲಿ ಸಾಲುತ್ತೆ?"

"ಎರಡು ವರ್ಷ ಒಂದು ವಾರ ಅನ್ನಿ."

ಮಾವನವರು ನಲವತ್ತು ವರ್ಷ ಅಚ್ಚುಕೂಟದಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸಿದವರು. ಅಕ್ಷರದ ವಿಷಯದಲ್ಲಿ ದಯೆ ದಾಕ್ಷಿಣ್ಯ ಅರಿಯದವರು. ಅದನ್ನು ನೆನೆದೇ ಲಿಫ್ಟ್ ರಿಪೇರಿಯವರು ಆ ರಾತ್ರಿಯೇ ಯಂತ್ರದ ಮುಂದೆ ಕೂತರು. ಕನ್ನಡ ಮೂಡಬೇಕೆಂದರೆ ಯಂತ್ರವನ್ನು ಚಿತ್ರ ಬಿಡಿಸುವ ಸ್ಥಿತಿಗೆ ತರಬೇಕು. ಹಾಗೆ ತಂದ ಕೂಡಲೇ ಇದ್ದ ಇಂಗ್ಲಿಷ್ ಅಕ್ಷರಗಳೂ ಕೈಬಿಡುತ್ತವೆ, ಉಳಿಯುವುದು ಬರೀ ಚುಕ್ಕೆ. ಏನು ಬೇಕಾದರೂ ಚುಕ್ಕೆ ಚುಕ್ಕೆಯಾಗಿ ತಾವೇ ಇಡಬೇಕು.

ಮಂಗಳವಾರ ಒಂದು ಬಿಳಿ ಚುಕ್ಕೆ ಬಂತು. ಸಂಭ್ರಮದಿಂದ ಹೆಂಡತಿಯನ್ನು ಕರೆದರು. ಅವಳು ಅದನ್ನು ಉಗುರಿನಿಂದ ಕೆರೆದು, ಹೋಗ್ತಿಲ್ಲವಲ್ಲ ಎಂದು ಒದ್ದೆ ಬಟ್ಟೆ ತರಲು ಹೋದಳು. ಬುಧವಾರ ಗೆರೆ, ಗುರುವಾರ ಚೌಕ, ಶುಕ್ರವಾರ ನಡುಪರದೆಯಲ್ಲಿ ದುಂಡಗಿನ ವೃತ್ತ. ಶನಿವಾರವಿಡೀ ಗ್ರಾಫ್ ಹಾಳೆಯ ಮೇಲೆ 'ಮಾವನವರೇ ಬನ್ನಿ' ಎಂಬ ಅಕ್ಷರಗಳಿಗೆ ಚೌಕ ತುಂಬಿಸಿದರು. 'ನ್ನಿ'ಯ ಒತ್ತೊಂದೇ ಅರ್ಧ ದಿನ ನುಂಗಿತು. ಅತ್ತ ಹೆಂಡತಿ ಏಣಿ ತಂದು ಅಟ್ಟಕ್ಕೆ ಆನಿಸಿಟ್ಟಳು.

ಭಾನುವಾರ ಆ ಚೌಕಗಳ ಸ್ಥಾನವನ್ನು ಅಂಕಿಗಳಾಗಿ ಯಂತ್ರಕ್ಕೆ ತುಂಬಿಸುತ್ತ ಕೊನೆಯ ಅಂಕಿ ಒತ್ತಿದಾಗ ಹತ್ತೂ ಮುಕ್ಕಾಲು. ಒಮ್ಮೆ ಪರೀಕ್ಷಿಸೋಣ ಎನ್ನುವಷ್ಟರಲ್ಲಿ ಕರೆಗಂಟೆ. ಮಾವನವರು ಯಾವತ್ತೂ ಕಾಲು ಗಂಟೆ ಮೊದಲೇ ಬರುವವರು. ಒಳಗೆ ಬಂದವರೇ ಕೋಣೆಯಲ್ಲಿದ್ದ ಒಂದೇ ಒಂದು ಕುರ್ಚಿಯಲ್ಲಿ ಕೂತು, ಕನ್ನಡಕ ಒರೆಸಿ ಮೂಗಿಗೇರಿಸಿ, ತೋರಿಸಿ ಎಂದರು. ಲಿಫ್ಟ್ ರಿಪೇರಿಯವರು ಮನಸ್ಸಿನಲ್ಲೇ ದೇವರಿಗೆ ಕೈಮುಗಿದು ಗುಂಡಿ ಒತ್ತಿದರು.

ಪರದೆ ಕಪ್ಪಾಯಿತು. ಕಪ್ಪಾಗಿಯೇ ಇತ್ತು. ಹೆಂಡತಿಯ ಕಣ್ಣು ಏಣಿಯ ಕಡೆ ಹೊರಳಿತು. ಆಗ ಬುಡದಲ್ಲಿ ಒಂದೊಂದಾಗಿ ಬಿಳಿ ಅಕ್ಷರಗಳು ಮೂಡಿದವು. ಎಲ್ಲವೂ ತಲೆಕೆಳಗು. 'ನ್ನಿ'ಯ ಒತ್ತು ನೆತ್ತಿಯೇರಿ ಕೂತಿತ್ತು.

ಲಿಫ್ಟ್ ರಿಪೇರಿಯವರಿಗೆ ಕ್ಷಣದಲ್ಲಿ ಅರ್ಥವಾಯಿತು. ಶಾಲೆಯ ಗ್ರಾಫಿನಲ್ಲಿ ಎಣಿಕೆ ಕೆಳಗಿನಿಂದ ಮೇಲಕ್ಕೆ, ಈ ಯಂತ್ರದ ಪರದೆಯಲ್ಲಿ ಮೇಲಿನಿಂದ ಕೆಳಕ್ಕೆ. ನಡುವೆ ಕೂತ ಚೌಕ, ವೃತ್ತಗಳನ್ನು ಹೇಗೆ ಮಗುಚಿದರೂ ಒಂದೇ. ಹಾಗಾಗಿ ತಪ್ಪು ವಾರವಿಡೀ ಮೋಸ ಮಾಡಿ ಮುಖ ತೋರಿಸಿರಲಿಲ್ಲ.

"ಲಿಫ್ಟಿಗೂ ಹೀಗೇನಾ ಮಾಡೋದು?" ಎಂದಳು ಹೆಂಡತಿ. "ಮೇಲೆ ಅಂತ ಒತ್ತಿದೋರು ನೆಲಮಾಳಿಗೆಗೆ ಹೋಗ್ತಾರಾ?"

ಐದು ನಿಮಿಷ ಕೊಡಿ ಎಂದು ಅವರು ಗೋಗರೆಯುತ್ತಿದ್ದಂತೆ ಮಾವನವರು ಪರದೆಗೆ ಬಾಗಿ, ಎಲ್ಲೂ ತಡವರಿಸದೆ ಓದಿದರು.

"ಮಾವನವರೇ ಬನ್ನಿ. ಬಂದೆನಲ್ಲ ಅಳಿಯಂದಿರೇ."

ಇಬ್ಬರೂ ಬೆಪ್ಪಾಗಿ ನೋಡಿದರು. ಕೈಯಲ್ಲಿ ಹಿಡಿದ ಪಟ್ಟಿಯಲ್ಲಿ ಮೊಳೆ ಜೋಡಿಸುವಾಗ ಅಕ್ಷರ ಕಾಣುವುದೇ ಹೀಗೆ, ಎಡದಿಂದ ಬಲಕ್ಕೆ, ಕಾಲು ಮೇಲೆ ತಲೆ ಕೆಳಗೆ. ನಲವತ್ತು ವರ್ಷ ಹೀಗೇ ಓದಿದ ಕಣ್ಣಿಗೆ ಅದೇ ನೇರ. ಅಚ್ಚುಕೂಟ ಬಿಟ್ಟ ಮೇಲೆ ಒಬ್ಬರೂ ಇಷ್ಟು ಸರಿಯಾಗಿ ಬರೆದು ತೋರಿಸಿರಲಿಲ್ಲ ಎನ್ನುತ್ತ ಮುದುಕರು ಕನ್ನಡಕ ತೆಗೆದು ಮತ್ತೊಮ್ಮೆ ಒರೆಸಿದರು. ಯಂತ್ರ ಈ ಕೋಣೆಯಿಂದ ಕದಲಕೂಡದು ಎಂದು ತೀರ್ಪೂ ಬಂತು.

ಲಿಫ್ಟ್ ರಿಪೇರಿಯವರು ಗೆದ್ದರು. ಗೆಲುವಿನ ಉಬ್ಬಿನಲ್ಲಿ, ಒಂದು ಸಾಲು ತಿದ್ದಿದರೆ ನೆಟ್ಟಗಾಗುತ್ತದೆ ಎಂದುಬಿಟ್ಟರು.

"ನೆಟ್ಟಗೇ ಇದೆಯಲ್ಲ," ಎಂದರು ಮಾವನವರು. "ಮುಟ್ಟಬೇಡಿ. ಆದ್ರೆ 'ಮ'ದ ಹೊಟ್ಟೆ ಬಡವಾಗಿದೆ. ಮಿಕ್ಕ ಅಕ್ಷರಾನೂ ಮಾಡಿ. ಜೋಡಿಸೋದು ನಾನು ನೋಡ್ಕೋತೀನಿ."

ಯಂತ್ರ ಬಿಟ್ಟು ಮಾವನವರು ಕದಲಲಿಲ್ಲ. ಸಂಜೆಗೆ ಹಾಸಿಗೆಯೂ ಅಲ್ಲಿಗೇ ಬಂತು. ಮುಂದಿನ ವಾರವೆಲ್ಲ ಲಿಫ್ಟ್ ರಿಪೇರಿಯವರು ಹಜಾರದ ಸ್ಟೂಲಿನ ಮೇಲೆ ಕೂತು, ಒಳಗಿನಿಂದ ಅಪ್ಪಣೆಯಾದ ಅಕ್ಷರಗಳಿಗೆಲ್ಲ ಚೌಕ ತುಂಬಿಸಿ ಒಪ್ಪಿಸಿದರು. ಶನಿವಾರ ಕೋಣೆಗೆ ಕಾಲಿಟ್ಟಾಗ ಪರದೆಯ ಮೇಲೆ ಒಂದು ಪೂರ್ತಿ ಸಾಲು ಜೋಡಣೆಯಾಗಿತ್ತು. ಎಲ್ಲವೂ ತಾವೇ ಇಟ್ಟ ಚುಕ್ಕೆ, ಆದರೂ ಕತ್ತು ಎಷ್ಟು ತಿರುಚಿದರೂ ಓದಲಾಗಲಿಲ್ಲ. ಹೆಂಡತಿ ಗೋಡೆಯ ಕನ್ನಡಿ ತಂದು ಪರದೆಯ ಮುಂದೆ ಅಂಗಾತ ಮಲಗಿಸಿ, ಅದರಲ್ಲಿ ಇಣುಕಿ ಓದಿ ಹೇಳಿದಳು.

"ಒಳಗೆ ಬರುವ ಮುನ್ನ ಬಾಗಿಲು ತಟ್ಟಿರಿ."