ಟೆಸ್ಟ್ ಪೇಮೆಂಟಿಗೆ ತರ್ಪಣ

ಆಲೂಗಡ್ಡೆಗೆ ತರ್ಪಣ ಬಿಟ್ಟ ಪುರೋಹಿತರನ್ನು ನೀವು ನೋಡಿದ್ದೀರಾ? ಇಲ್ಲವಾದರೆ ಶ್ರೀರಂಗಪಟ್ಟಣಕ್ಕೆ ಬನ್ನಿ, ನನ್ನ ಸೋದರಮಾವನನ್ನು ತೋರಿಸುತ್ತೇನೆ. ಕೋಪದಲ್ಲಿ ಹೇಳುತ್ತಿದ್ದೀಯಾ ಎಂದು ಕೇಳಬೇಡಿ. ಹೌದು, ಕೋಪದಲ್ಲೇ ಹೇಳುತ್ತಿದ್ದೇನೆ!

ನನ್ನ ಕಸುಬು ಪಾಂಡವಪುರದ ಮನೆಯಲ್ಲಿ ಕೂತು ವೆಬ್‌ಸೈಟು ಕಟ್ಟುವುದು. ಮಾವನದು ಕಾವೇರಿಯಲ್ಲಿ ನಿಂತು, ಬರಲಾಗದವರ ಪರವಾಗಿ ಅವರ ಮನೆಯ ಮೃತರಿಗೆ ತರ್ಪಣ ಬಿಡುವುದು. ಮಾವನಿಗೀಗ ಮಂಡಿನೋವು. ಹೀಗೇ ತಣ್ಣೀರಿನಲ್ಲಿ ನಿಂತರೆ ನಡೆಯುವುದೇ ನಿಂತುಹೋಗುತ್ತದೆ ಎಂದು ಡಾಕ್ಟರು ಹೆದರಿಸಿದ್ದರು. ದಿನಕ್ಕೆ ಎರಡೇ ತರ್ಪಣ, ಅದೂ ಆನ್‌ಲೈನಿನಲ್ಲಿ ಹಣ ಕಟ್ಟಿ ಬುಕ್ ಮಾಡಿದವರಿಗೆ ಮಾತ್ರ, ಎಂಬಂತೆ ಒಂದು ವೆಬ್‌ಸೈಟು ಮಾಡಿಕೊಡಲು ಹೊರಟೆ. ನನಗೆ ಬೇಕಿತ್ತೇ ಈ ಉಸಾಬರಿ!

ಆನ್‌ಲೈನಿನಲ್ಲಿ ಹಣ ಪಡೆದು ನಮಗೆ ತಲುಪಿಸುವ ಪೇಮೆಂಟ್ ಗೇಟ್‌ವೇ ಕೂರಿಸುವುದೆಂದರೆ ಒಂದು ಬಟನ್ ಅಂಟಿಸುವುದಲ್ಲ. ಮೊದಲು ನಮ್ಮ ಸರ್ವರಿನಲ್ಲಿ ಆರ್ಡರು ಹುಟ್ಟಬೇಕು, ಮೊತ್ತ ಅಲ್ಲೇ ನಿಗದಿಯಾಗಬೇಕು. ಹಣ ಕಟ್ಟಿದ ಮೇಲೆ ಗೇಟ್‌ವೇ ಕಳಿಸಿದ ಡಿಜಿಟಲ್ ಸಹಿಯನ್ನು ಸರ್ವರು ತಾಳೆ ನೋಡಬೇಕು. ಬುಕಿಂಗು ಆಮೇಲೆ. ಇಷ್ಟನ್ನೂ ವಿವರಿಸಿ, “ಮೊತ್ತ ಎಷ್ಟು ಹಾಕಲಿ ಮಾವ?” ಎಂದೆ.

“ಯಥಾಶಕ್ತಿ ಅಂತ ಹಾಕು.”

“ಕಂಪ್ಯೂಟರಿಗೆ ಯಥಾಶಕ್ತಿ ಅರ್ಥ ಆಗಲ್ಲ!”

“ಪಾಪ, ಸಂಸ್ಕಾರ ಇಲ್ಲ ಅದಕ್ಕೆ.”

ಗೇಟ್‌ವೇಯವರು ಹಣ ವಾಪಸಾತಿಯ ನಿಯಮ ಬರೆದು ಕಳಿಸಿ ಎಂದರು. ನಾನು ಊಟಕ್ಕೆ ಎದ್ದ ಹೊತ್ತಿಗೆ, ಅಂದು ನಮ್ಮ ಮನೆಗೆ ಬಂದಿದ್ದ ಮಾವ ತಾವೇ ಟೈಪ್ ಮಾಡಿ ಕಳಿಸಿಬಿಟ್ಟಿದ್ದರು: ‘ಕೊಟ್ಟ ದಾನ ಹಿಂದಕ್ಕೆ ಕೇಳಿದವರು ಹಲ್ಲಿಯಾಗಿ ಹುಟ್ಟುತ್ತಾರೆ.’ ಅರ್ಜಿ ತಿರಸ್ಕೃತವಾಯಿತು. ಆಗದೆ ಇನ್ನೇನು! ಹದಿನೈದು ದಿನ ಗೇಟ್‌ವೇಯವರ ಕೈಕಾಲು ಹಿಡಿದು ಒಪ್ಪಿಸಿದವಳು ನಾನು.

ಕೊನೆಗೆ ಟೆಸ್ಟ್ ಮೋಡಿನಲ್ಲಿ, ಅಂದರೆ ನಿಜವಾದ ಹಣವಿಲ್ಲದೆ, ಸುಳ್ಳು ಬುಕಿಂಗುಗಳನ್ನು ಮಾಡಿ ನೋಡಿದೆ. ಮೃತರ ಹೆಸರು ಎಂಬಲ್ಲಿ ಕೈಗೆ ಬಂದದ್ದು: ಅಬಕ, ಟೆಸ್ಟ್ ಟೆಸ್ಟ್, ಆಲೂಗಡ್ಡೆ. ಹಣ ಕಟ್ಟಿದವರು ಎಂಬಲ್ಲಿ ಎಲ್ಲಕ್ಕೂ ನಾನೇ. ದಿನಕ್ಕೆರಡು ಎಂಬ ಮಿತಿಯನ್ನು ಇನ್ನೂ ಹಾಕಿರಲಿಲ್ಲ. ಪ್ರತಿ ಬುಕಿಂಗಿನ ಮೆಸೇಜೂ ಮಾವನ ಫೋನಿಗೆ ಹೋಗುತ್ತಿರುವುದು ನನಗೆ ಹೊಳೆಯಲೇ ಇಲ್ಲ.

ಮಾರನೆಯ ದಿನ ಬಾಬುರಾಯನಕೊಪ್ಪಲಿನ ತೆಪ್ಪದವನು ಫೋನ್ ಮಾಡಿದ. “ಅಕ್ಕೋ, ನಿಮ್ ಮಾವ್ನೋರು ಬೆಳಿಗ್ಗಿಂದ ನೀರಲ್ಲೇ ನಿಂತವ್ರೆ! ಕರುದ್ರೆ ಬರಾಕಿಲ್ಲ, ಇನ್ನೂ ಆರ್ ಜನ ಬಾಕಿ ಅವ್ರೆ ಅಂತಾರೆ. ನೋಡುದ್ರೆ ಒಬ್ರೂ ಇಲ್ಲ ಕಣಕ್ಕಾ!”

ಬಸ್ಸು ಹಿಡಿದು ಓಡಿದೆ. ಅಷ್ಟರಲ್ಲಿ ಎಲ್ಲ ಮುಗಿಸಿ, ಊದಿದ ಮಂಡಿ ಚಾಚಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು.

“ತಲೆ ನೆಟ್ಟಗಿದೆಯಾ ಮಾವ? ಆಲೂಗಡ್ಡೆ ಅನ್ನೋ ಮನುಷ್ಯ ಇರ್ತಾನಾ?”

“ನಮಗೇನು ಗೊತ್ತು? ಗೋತ್ರ ಬರೆದಿರ್ಲಿಲ್ಲ, ಕಾಶ್ಯಪ ಅಂತ ಹೇಳಿ ಬಿಟ್ಟೆ. ಗೋತ್ರ ಗೊತ್ತಿಲ್ದೋರೆಲ್ಲ ಕಾಶ್ಯಪರೇ. ದಿಕ್ಕಿಲ್ಲದೋರಿಗೆ ನೀನು ಮಾಡಿಸ್ತಿದ್ದೀಯ ಅಂದ್ಕೊಂಡೆ ಕಣೇ. ಆ ಅಬಕ ಅನ್ನೋರಿಗಂತೂ ಮೂರು ಸಲ ಬಂತು. ಎಷ್ಟು ಪ್ರೀತಿ ಇಟ್ಕೊಂಡಿದ್ರೋ!”

ಪ್ರೀತಿಯಲ್ಲ, ಅದು ನನ್ನ ತಪ್ಪು. ಒಂದೇ ಪಾವತಿಯ ಸುದ್ದಿಯನ್ನು ಗೇಟ್‌ವೇ ಎರಡು ಮೂರು ಸಲ ಕಳಿಸುವುದುಂಟು. ಒಮ್ಮೆ ಬಂದದ್ದನ್ನು ಮತ್ತೆ ಲೆಕ್ಕಕ್ಕೆ ತೆಗೆದುಕೊಳ್ಳದಂತೆ ನಾನು ಕೋಡು ಬರೆಯಬೇಕಿತ್ತು, ಬರೆದಿರಲಿಲ್ಲ. ತಪ್ಪು ನನ್ನದೇ ಎಂದು ಗೊತ್ತಾದ ಮೇಲೆ ಕೋಪ ಇನ್ನೂ ಜಾಸ್ತಿಯಾಯಿತು. “ಕಾಲು ಕಳ್ಕೊಂಡು ಮೂಲೆಗೆ ಬಿದ್ರೆ ನೋಡೋರು ಯಾರು?” ಎಂದು ಹೊಳೆದಂಡೆಗೆಲ್ಲ ಕೇಳುವಂತೆ ಕೂಗಾಡಿದೆ.

ನನ್ನ ಬೈಗುಳ ಮುಗಿದ ಮೇಲೆ ಮಾವ ಫೋನು ನನ್ನತ್ತ ಹಿಡಿದರು.

“ಇದೊಂದಕ್ಕೆ ಎಳ್ಳುನೀರು ಬಿಡ್ಲಿಲ್ಲ. ಅಷ್ಟು ಚಿಕ್ಕದಕ್ಕೆ ಶಾಸ್ತ್ರದಲ್ಲಿಲ್ಲ ಕಣೇ. ಒಂದು ಲೋಟ ಹಾಲು ತರಿಸಿ ಹೊಳೆಗೆ ಬಿಟ್ಟೆ.”

ಹೆಸರು: ಇಂಚರ. ವಯಸ್ಸು: ಸೊನ್ನೆ.

ವಯಸ್ಸಿನ ಜಾಗ ಸೊನ್ನೆಯನ್ನು ಒಪ್ಪುತ್ತದೆಯೇ ಎಂದು ನೋಡಲು ಹಾಕಿದ್ದು, ಅಷ್ಟೇ, ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಹೋದ ವರ್ಷ ಹುಟ್ಟಿ ಮೂರೇ ದಿನ ಇದ್ದ ನನ್ನ ಮಗಳಿಗೆ ಇಡಬೇಕೆಂದಿದ್ದ ಹೆಸರು ಅದು. ಯಾರಿಗೂ ಹೇಳಿರಲಿಲ್ಲ. ಆ ಹೆಸರು ಹಿಡಿದು ಅವಳನ್ನು ಯಾರೂ ಕರೆದಿರಲಿಲ್ಲ, ನಾನು ಕೂಡ.

“ಹೆಸರು ಚೆನ್ನಾಗಿದೆ ಕಣೇ,” ಎಂದರು ಮಾವ. “ಗಟ್ಟಿಯಾಗಿ ಕರೆದೆ.”