ನನ್ನ ಕಿವಿಯಲ್ಲಿ ಬಿಡಾರ ಹೂಡಿದ ಪದಕ್ಕೆ

ಶ್ರೀಮಾನ್ ‘ಕ್ಯುಮುಲೇಟಿವ್’ ಎಂಬ ಇಂಗ್ಲಿಷ್ ವಿಶೇಷಣದವರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ಡಬ್ಬದ ಕಾರ್ಖಾನೆಯಲ್ಲಿ ಮುಚ್ಚಳ ಒತ್ತುವ ಯಂತ್ರದ ಮಗ್ಗುಲಲ್ಲೇ ತಲೆ ನರೆಸಿಕೊಂಡ ನಾನು ತಮಗೆ ತಲೆಬಾಗಿ ಮಾಡುವ ವಂದನೆಗಳು. ದಿನದಿನಕ್ಕೆ ಬೆಳೆಯುವುದೇ ತಮ್ಮ ಕಸುಬಾದ್ದರಿಂದ ಕ್ಷೇಮಸಮಾಚಾರ ಕೇಳುವ ಅಗತ್ಯವಿಲ್ಲ.

ಯಂತ್ರದ ಸದ್ದಿಗೆ ಮಂದವಾದ ನನ್ನ ಕಿವಿ ನೋಡಿ ಡಾಕ್ಟರು ಚೀಟಿಯಲ್ಲಿ ತಮ್ಮ ಹೆಸರು ಬರೆದುಕೊಟ್ಟಾಗ, ತಾವು ಯಾವುದೋ ಔಷಧವೆಂದು ತಿಳಿದು ಅಂಗಡಿಗೇ ಹೋಗಿದ್ದೆ. ಅಂಗಡಿಯವನು ನಕ್ಕು ಚೀಟಿ ಹಿಂದಕ್ಕೆ ಕೊಟ್ಟ. ನನ್ನ ಕಿವಿಗೆ ಕೂಗಿ ಗಂಟಲು ಹರಿದುಕೊಳ್ಳುವ ಬದಲು ಸೊಸೆ ನಿಘಂಟನ್ನೇ ಮುಂದೆ ಹಿಡಿದಳು. ಲ್ಯಾಟಿನ್ ಭಾಷೆಯಲ್ಲಿ ರಾಶಿ, ಗುಡ್ಡೆ ಎಂಬ ಅರ್ಥದ ಪದವೇ ತಮ್ಮ ಮೂಲಪುರುಷನಂತೆ. ಆಕಾಶದಲ್ಲಿ ಗುಡ್ಡೆಗುಡ್ಡೆಯಾಗಿ ನಿಲ್ಲುವ ಬಿಳಿ ಮೋಡಕ್ಕೂ ಅದೇ ಮನೆತನದ ಹೆಸರಂತೆ. ಅಂಥ ಕುಲದಲ್ಲಿ ಹುಟ್ಟಿ, ಚೂರು ಚೂರೇ ಕೂಡುತ್ತಾ ಹೋಗುವುದೆಂಬ ಅರ್ಥ ಹೊತ್ತು, ತಾವು ಈ ಬಡವನ ಕಿವಿಯಲ್ಲಿ ಬಿಡಾರ ಹೂಡಿದ್ದು ನನ್ನ ಭಾಗ್ಯವೇ ಸರಿ.

ತಮ್ಮ ಜಾಣತನವನ್ನಂತೂ ಹೊಗಳದೆ ಇರಲಾರೆ. ಉಳಿದಿರುವಷ್ಟು ಕಿವಿಯನ್ನಾದರೂ ಉಳಿಸಿಕೊಳ್ಳೋಣವೆಂದು, ನನ್ನನ್ನು ಯಂತ್ರದಿಂದ ಗೋದಾಮಿನ ಕೆಲಸಕ್ಕೆ ಹಾಕಿ ಎಂದು ಕೇಳಿಕೊಂಡರೆ, ಯಾವ ದಿನದ ಸದ್ದಿಗೆ ಕಿವಿ ಹೋಯಿತು ತೋರಿಸು ಎಂದರು ಮ್ಯಾನೇಜರು. ಎಲ್ಲಿಂದ ತೋರಿಸಲಿ? ಸೋಮವಾರವನ್ನು ಕೇಳಿದರೆ ಮಂಗಳವಾರದ ಕಡೆ ಕೈ ತೋರಿಸುತ್ತದೆ. ಮಂಗಳವಾರ ಏನೂ ಅರಿಯದವರ ಹಾಗೆ ನಿಂತಿರುತ್ತದೆ. ಇಷ್ಟು ದೊಡ್ಡ ಕಳ್ಳತನ ಮಾಡಿಯೂ ಒಬ್ಬರ ಮೇಲೂ ತಪ್ಪು ಬಾರದ ಹಾಗೆ ನೋಡಿಕೊಳ್ಳುವುದು ತಮಗಲ್ಲದೆ ಇನ್ನಾರಿಗೆ ಸಾಧ್ಯ?

ಕೋರ್ಟಿನಲ್ಲಿ ತಮಗೆ ಬೇರೆ ಅರ್ಥವೂ ಉಂಟಂತೆ: ಆಗಲೇ ರುಜುವಾತಾದದ್ದನ್ನು ಮತ್ತೆ ರುಜುವಾತು ಮಾಡುವ ಸಾಕ್ಷಿ. ಅಂಥ ಸಾಕ್ಷಿ ಹೇಳಲು ನನ್ನ ಹೆಂಡತಿ ತಯಾರಿದ್ದಾಳೆ. ಆದರೆ ನಾನು ಮದುವೆಯ ಮಾರನೇ ದಿನದಿಂದಲೇ ಕಿವುಡ ಎಂಬುದು ಆಕೆಯ ಹೇಳಿಕೆಯಾದ್ದರಿಂದ ಕಾರ್ಖಾನೆಯೇ ಗೆಲ್ಲುತ್ತದೆ. ಹೀಗಾಗಿ ತಾವೇ ಖುದ್ದಾಗಿ ದಯಮಾಡಿಸಿ, ಅಷ್ಟೂ ದಿನಗಳನ್ನು ಕಿವಿ ಹಿಡಿದು ಎಳೆತಂದು ಮ್ಯಾನೇಜರ ಮೇಜಿನ ಮುಂದೆ ಸಾಲಾಗಿ ನಿಲ್ಲಿಸಬೇಕೆಂದು ಪ್ರಾರ್ಥನೆ.

ನನ್ನ ಮೊಮ್ಮಗಳು ಈಗ ಮಾತು ಕಲಿಯುತ್ತಿದ್ದಾಳೆ. ನನ್ನ ಮುಖ ನೋಡಿ ಏನೋ ಅನ್ನುತ್ತಾಳೆ, ಮನೆಮಂದಿಯೆಲ್ಲ ನಗುತ್ತಾರೆ, ನಾನೂ ನಗುತ್ತೇನೆ. ಆಮೇಲೆ ಒಬ್ಬನೇ ಕೂತಾಗ ಬಹಳ ಸಂಕಟವಾಗುತ್ತದೆ. ಯಂತ್ರದ ಸದ್ದನ್ನು ಒಂದು ಚೂರೂ ಚೆಲ್ಲದೆ ಗುಡ್ಡೆ ಹಾಕಿದ ತಾವು, ಆ ಮಗುವಿನ ಮಾತುಗಳನ್ನೂ ಎಲ್ಲಾದರೂ ಗುಡ್ಡೆ ಹಾಕಿಟ್ಟಿರಿ. ನಾನು ಗೋದಾಮಿಗೆ ಹೋದ ಮೇಲೆ ಬಂದು ಕೇಳಿಸಿಕೊಳ್ಳುತ್ತೇನೆ.

ತಮ್ಮ ರಾಶಿಯಲ್ಲೊಂದು ಕಾಳಾದ,
ತಮ್ಮ ವಿಶ್ವಾಸಿ,
ಮುಚ್ಚಳದ ತಾತ

ಬಿಟ್ಟುಹೋದ ಮಾತು: ಇದರ ಪ್ರತಿಯನ್ನು ಮ್ಯಾನೇಜರಿಗೂ ಕೊಟ್ಟಿದ್ದೇನೆ. ಅವರು ಯಂತ್ರದ ಹತ್ತಿರ ಒಂದು ದಿನವೂ ನಿಂತವರಲ್ಲ, ಆದರೂ ನಾನು ಹೇಳಿದ್ದು ಅವರಿಗೆ ಕೇಳಿಸುವುದಿಲ್ಲ. ಅಂಥ ಕಿವುಡಿಗೆ ತಮ್ಮ ಲ್ಯಾಟಿನ್ನಿನಲ್ಲಿ ಏನೆನ್ನುತ್ತಾರೆ?