ಕರಗಿದ್ದಕ್ಕೆ ಸಾಕ್ಷಿ

ಪ್ರಯೋಗದಲ್ಲಿ ಸೋತು ಅವಮಾನಪಟ್ಟವರನ್ನು ಬಹಳ ಮಂದಿ ನೋಡಿದ್ದೇನೆ. ಗೆದ್ದು ಅವಮಾನಪಟ್ಟವನು, ನನಗೆ ತಿಳಿದ ಮಟ್ಟಿಗೆ, ನಾನೊಬ್ಬನೇ. ತೊಂಬತ್ತರ ದಶಕದ ಕೊನೆಯಲ್ಲಿ ದಾವಣಗೆರೆಯ ಕಾಲೇಜೊಂದರಲ್ಲಿ ನಾನು ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಎಂದರೆ, ಹಳದಿಗಟ್ಟಿದ ನೋಟ್ಸನ್ನು ಓದಿ ಬರೆಸುತ್ತಿದ್ದೆ. ಅಂಥವನು ಒಮ್ಮೆ ತರಬೇತಿಗೆಂದು ಹೋಗಿ, ಬರುವಾಗ ಥರ್ಮಾಸಿನಲ್ಲಿ ಪುಟ್ಟ ಗಾಜಿನ ನಳಿಗೆಯೊಂದನ್ನು ತಂದೆ. ಅದರಲ್ಲಿದ್ದದ್ದು ಪ್ಲಾಸ್ಟಿಕ್ ತಯಾರಿಸುವ ಬ್ಯಾಕ್ಟೀರಿಯಾ. ಮಣ್ಣಿನ ಕೆಲವು ಬ್ಯಾಕ್ಟೀರಿಯಾಗಳು, ನಾನು ಹೋಳಿಗೆ ತಿಂದು ಹೊಟ್ಟೆ ಬೆಳೆಸಿದಂತೆ, ಸಕ್ಕರೆ ತಿಂದು ಒಂದು ಬಗೆಯ ಪ್ಲಾಸ್ಟಿಕ್ಕನ್ನು ಮೈಯೊಳಗೆ ಕೂಡಿಡುತ್ತವೆ. ಅವುಗಳ ಜೀನನ್ನು ಬೇಗ ಬೆಳೆಯುವ ಬೇರೊಂದು ಬ್ಯಾಕ್ಟೀರಿಯಾಕ್ಕೆ ಸೇರಿಸಿ ಮಾಡಿದ ತಳಿ ಇದು. ಈ ಪ್ಲಾಸ್ಟಿಕ್ ಮಣ್ಣಿಗೆ ಬಿದ್ದರೆ ಕೊಳೆತು ಮಣ್ಣಿಗೇ ಸೇರಿಹೋಗುತ್ತದೆ.

ಕಾಲೇಜಿನ ಫ್ರಿಜ್ ಕೆಟ್ಟಿತ್ತು. ಅದನ್ನು ರಿಪೇರಿ ಮಾಡಿಸುವ ಫೈಲು ಮಾತ್ರ ತಣ್ಣಗಿತ್ತು. ಹಾಗಾಗಿ ನಳಿಗೆ ಸರಸ್ವತಿ ನಗರದ ನಮ್ಮ ಮನೆಯ ಫ್ರಿಜ್ ಸೇರಿತು. "ಹುಳಾನ ತಂದು ಮೊಸರಿನ ಪಕ್ಕ ಇಡ್ತೀರೇನ್ರಿ?" ಎಂದಳು ಹೆಂಡತಿ ಗಿರಿಜೆ. "ಮೊಸರಾಗ ಇರೋವೂ ಇದೇ ಪೈಕಿ" ಎಂದು ಪಾಂಡಿತ್ಯ ತೋರಿದೆ. ಅಂದಿನಿಂದ ಆಕೆ ಮೊಸರು ತಿನ್ನುವುದನ್ನೇ ಬಿಟ್ಟಳು. ನಾನು ಪಟ್ಟುಬಿಡದೆ ಕಾಲೇಜಿನಲ್ಲಿ ಬ್ಯಾಕ್ಟೀರಿಯಾಗಳಿಗೆ ಸಕ್ಕರೆ ಉಣಿಸಿ, ಕೊಂದು, ಒಣಗಿಸಿ, ಕ್ಲೋರೋಫಾರ್ಮಿನಲ್ಲಿ ಕರಗಿಸಿ, ಆರು ತಿಂಗಳಿಗೆ ಅಂಗೈಯಗಲದ ಒಂದು ಬಿಳಿ ಹಾಳೆ ತೆಗೆದೆ. ಮಗು ಹುಟ್ಟಿದಾಗಲೂ ನಾನು ಅಷ್ಟು ಹಿಗ್ಗಿರಲಿಲ್ಲ ಎಂದು ಗಿರಿಜೆ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಸುದ್ದಿ ಹರಿಹರ ತಲುಪಿತು. ಅಲ್ಲಿ ಗಿರಿಜೆಯ ದೂರದ ಮಾವ ಬಸವರಾಜಪ್ಪನವರು ಕ್ಯಾರಿಬ್ಯಾಗ್ ಕಾರ್ಖಾನೆ ನಡೆಸುತ್ತಿದ್ದರು. "ಹೊಳಿ ದಂಡಿ ತುಂಬ ನನ್ನ ಚೀಲಾನೇ ಬಿದ್ದಾವಂತ ಜನ ಬೈತಾರ್ರಿ ಮೇಷ್ಟ್ರೇ. ನಿಮ್ದು ಕರಗ್ತೈತೆ ಅಂತ ನಾಕು ಮಂದಿ ಮುಂದ ತೋರಿಸ್ರಿ, ನನ್ನ ಶೆಡ್‌ನಾಗ ನಿಮಗೊಂದು ಲ್ಯಾಬ್ ಹಾಕ್ಕೊಡ್ತೀನಿ" ಎಂದರು. ಲ್ಯಾಬ್ ಎಂದೊಡನೆ ನನ್ನ ವಿವೇಕ ಓಡಿಹೋಯಿತು. ಗೊಬ್ಬರದ ಮಣ್ಣು ತುಂಬಿದ ಕುಂಡದಲ್ಲಿ ಒಂದು ಬದಿಗೆ ನನ್ನ ಹಾಳೆಯನ್ನು, ಇನ್ನೊಂದು ಬದಿಗೆ ಅವರ ಚೀಲದ ಅಷ್ಟೇ ಅಗಲದ ತುಂಡನ್ನು ಹೂತು ದಿನಾ ನೀರು ಚಿಮುಕಿಸಿದೆ. ನನ್ನ ಹಾಳೆಯ ಒಂದು ಚೂರನ್ನಾದರೂ ತೆಗೆದಿಡಬೇಕೆಂದು ಹೊಳೆಯಲೇ ಇಲ್ಲ.

ಎರಡು ತಿಂಗಳ ಬಳಿಕ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಹರಿಹರದ ಬಸ್ಸು ಹತ್ತಿದೆ. "ಯಾವ ಗಿಡರೀ ಅದು?" ಎಂದರು ಪಕ್ಕದವರು. "ಗಿಡ ಇಲ್ಲ, ಬರೇ ಮಣ್ಣು" ಎಂದೆ. ಅವರು ಎದ್ದು ಬೇರೆ ಸೀಟಿಗೆ ಹೋದರು.

ಕಾರ್ಖಾನೆಯಲ್ಲಿ ಶಾಮಿಯಾನ, ಕುರ್ಚಿ, ಊರ ಪ್ರಮುಖರು. ಪ್ಲಾಸ್ಟಿಕ್ ಹೊದಿಸಿದ ಹಾರ ಹಾಕಿ, ನನ್ನನ್ನು ಪರಿಸರಪ್ರೇಮಿ ಎಂದು ಕರೆದರು. ಎಲ್ಲರೆದುರು ಕುಂಡವನ್ನು ಬೋರಲು ಹಾಕಿದೆ. ಚೀಲದ ತುಂಡು ಸಿಕ್ಕಿತು. ನನ್ನ ಹಾಳೆ ಎಲ್ಲೂ ಇಲ್ಲ! "ಪೂರ್ತಿ ಕರಗಿದೆ!" ಎಂದು ಕೂಗಿದೆ. ಚಪ್ಪಾಳೆ ಬರಲಿಲ್ಲ.

"ಕರಗೈತೆ ಅಂತೀರಿ. ಹಾಕೇ ಇಲ್ಲ ಅಂದ್ರ?" ಎಂದರು ಬಸವರಾಜಪ್ಪ.

"ನಾನು ಹೂತಿದ್ದನ್ನ ನನ್ನ ಹೆಂಡತಿ ನೋಡಿದಾಳೆ."

"ಹೆಂಡ್ರ ಸಾಕ್ಷಿ ಸೈನ್ಸ್‌ನಾಗ ನಡಿತೈತೇನ್ರಿ?"

"ಇನ್ನೊಮ್ಮೆ ಹಾಳೆ ಮಾಡಿ ತೋರಿಸ್ತೀನಿ."

"ಮಾಡ್ತೀರಿ, ಮತ್ತ ಕರಗಿಸ್ತೀರಿ. ಬ್ಯಾಡ ಬಿಡ್ರಿ."

ಅಷ್ಟು ಹೇಳಿ ಅವರು ತಮ್ಮ ಚೀಲದ ತುಂಡನ್ನು ನೀರಲ್ಲಿ ತೊಳೆದು ಎತ್ತಿ ಹಿಡಿದರು. "ನೋಡ್ರಿ, ಎರಡು ತಿಂಗಳು ಮಣ್ಣಾಗ ಇದ್ರೂ ಹೆಂಗೈತೆ! ಇದು ಮಾಲು ಅಂದ್ರ!" ಈಗ ಚಪ್ಪಾಳೆಯೋ ಚಪ್ಪಾಳೆ. ಇಬ್ಬರು ವ್ಯಾಪಾರಸ್ಥರು ಅಲ್ಲೇ ಚೀಲಕ್ಕೆ ಆರ್ಡರ್ ಕೊಟ್ಟರು.

ಮಣ್ಣನ್ನೆಲ್ಲ ಬಳಿದು ಕುಂಡಕ್ಕೆ ತುಂಬಿಕೊಂಡು ಮನೆಗೆ ಬಂದೆ. ನಡೆದದ್ದನ್ನು ಕೇಳಿ ಗಿರಿಜೆ ನೀರು ತಂದುಕೊಟ್ಟಳು. ಆಮೇಲೆ ಮೆಲ್ಲಗೆ, "ಬೇಜಾರಾಗಬ್ಯಾಡ್ರಿ, ಖರೇನೇ ಹಾಕಿದ್ರಲ್ಲಾ?" ಎಂದಳು. ಅವಳು ಹಾಗೆ ಕೇಳಿದ ಮೇಲೆ ನನಗೇ ಅನುಮಾನ ಹತ್ತಿತು. ಹಿತ್ತಲಲ್ಲಿ ಪೇಪರ್ ಹಾಸಿ, ಮಣ್ಣು ಸುರುವಿ, ಜರಡಿ ಹಿಡಿದು ಕುಳಿತೆ. ಆರು ತಿಂಗಳು ಬೆವರು ಹರಿಸಿ ಮಾಡಿದ ಪ್ರಯೋಗ ಸ್ವಲ್ಪವಾದರೂ ಸೋತಿರಲಿ ಎಂದು ಮನೆದೇವರಿಗೆ ಹರಕೆ ಹೊತ್ತೆ. ಕೊನೆಗೆ ಜರಡಿಯಲ್ಲಿ ಬಿಳಿಯದೊಂದು ತೆಳ್ಳನೆಯ ಚೂರು ಉಳಿಯಿತು. "ಸಿಕ್ತು! ಕರಗಿಲ್ಲ!" ಎಂದು ಕುಣಿಯುತ್ತಾ ಅಡುಗೆಮನೆಗೆ ಓಡಿದೆ.

ಗಿರಿಜೆ ಅದನ್ನು ಬೆಳಕಿಗೆ ಹಿಡಿದು ನೋಡಿ, ಮೂಸಿದಳು. "ಬೆಳ್ಳುಳ್ಳಿ ಸಿಪ್ಪಿ ರೀ ಇದು" ಎಂದಳು.